ಅಡಿವೆಪ್ಪ ಮೂರನೇ ಗಂಟೆ ಹೊಡೆದದ್ದು

ಕತೆ ಕೇಳುವವರು ನಡುನಡುವೆ ಹೂಂ ಅನ್ನಬೇಕು. ಅನ್ನದಿದ್ದರೆ ನಿಮಗೆ ನಿದ್ದೆ ಬಂತು ಅಂದುಕೊಂಡು ನಾನು ಎದ್ದು ಹೋಗಿಬಿಡುತ್ತೇನೆ. ಆಮೇಲೆ ಫಕೀರವ್ವನ ಗತಿ ಏನಾಯಿತು ಅಂತ ನೀವೇ ತಲೆ ಕೆಡಿಸಿಕೊಳ್ಳಬೇಕು.

ಹೊಸಬಾವಿ ಅಂತ ಒಂದು ಊರು. ಆ ಊರಲ್ಲಿ ಈರಭದ್ರ ಮಾಸ್ತರ ಮನೆ. ಮಾಸ್ತರು ಅಂದರೆ ಸಾಲಿ ಮಾಸ್ತರಲ್ಲ, ನಾಟಕದ ಮಾಸ್ತರು. ಬರೆದರೆ ಅವರೇ ಬರೆಯಬೇಕು, ಕಲಿಸಿದರೆ ಅವರೇ ಕಲಿಸಬೇಕು. ಅವರ ನಾಟಕದ ಒಂದಾದರೂ ಮಾತು ಬಾಯಿಗೆ ಬಾರದ ಮನುಷ್ಯ ಆ ಸೀಮೆಯಲ್ಲೇ ಇರಲಿಲ್ಲ. ದನ ಕಾಯುವವನು ದನ ಬೈಯುವಾಗಲೂ ಮಾಸ್ತರು ಬರೆದ ಸೇನಾಪತಿಯ ಮಾತಿನಲ್ಲೇ ಬೈಯುತ್ತಿದ್ದ. ಅಂಥ ಮನುಷ್ಯ ತೀರಿಕೊಂಡ ಮೇಲೆ ಊರವರು ಸುಮ್ಮನೆ ಕೂರಲಿಲ್ಲ. ಮನೆಯನ್ನು ಅವರು ಹೇಗೆ ಬಿಟ್ಟು ಹೋಗಿದ್ದರೋ ಹಾಗೇ ಉಳಿಸಿಕೊಂಡರು. ಚಸಮಾ ಇದ್ದಲ್ಲೇ ಚಸಮಾ, ಅಡಕೊತ್ತು ಇದ್ದಲ್ಲೇ ಅಡಕೊತ್ತು, ಕೂತು ಬರೆಯುತ್ತಿದ್ದ ಕಂಬಳಿ ಮಡಿಸಿದಲ್ಲೇ ಕಂಬಳಿ. ವರ್ಷಕ್ಕೊಮ್ಮೆ ಆ ಮನೆಯ ಅಂಗಳದಲ್ಲೇ ಪರದೆ ಕಟ್ಟಿ ನಾಟಕದ ಹಬ್ಬ ಮಾಡುತ್ತಿದ್ದರು. ಸುತ್ತಲಿನ ಹಳ್ಳಿಯವರೆಲ್ಲ ಟ್ರ್ಯಾಕ್ಟರ್ ಹತ್ತಿ ಬರುತ್ತಿದ್ದರು. ಮದುವೆ ಮುಂದೂಡಿದವರುಂಟು, ಹಬ್ಬ ತಪ್ಪಿಸಿಕೊಂಡವರಿಲ್ಲ. ಆ ಊರಿನ ಬಗ್ಗೆ ನನಗೆ ಹೊಟ್ಟೆಕಿಚ್ಚಿದೆ, ಮುಚ್ಚಿಡುವುದೇನು.

ಮನೆಯ ಹಿತ್ತಲ ಖೋಲಿಯಲ್ಲಿ ಫಕೀರವ್ವ ಇದ್ದಳು, ಮಾಸ್ತರು ತೀರಿಕೊಂಡ ಮೇಲೆ ಬಂದವಳು. ಮನೆ ಗುಡಿಸುವವಳು ಅವಳೇ, ಹಬ್ಬಕ್ಕೆ ಬಂದ ನಾಟಕದವರಿಗೆಲ್ಲ ರೊಟ್ಟಿ ಬಡಿದು ಹಾಕುವವಳೂ ಅವಳೇ. ಅವಳಿಗೆ ಒಬ್ಬನೇ ಮಗ, ಅಡಿವೆಪ್ಪ. ಊರೆಲ್ಲ ಅಡಿವ್ಯಾ ಅನ್ನುತ್ತಿತ್ತು. ಮೀಸೆ ಬಂದು ಎಷ್ಟೋ ವರ್ಷವಾಗಿತ್ತು, ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಕೆಟ್ಟವನಲ್ಲ. ಹೇಳಿದ ಮಾತು ಮೀರುವವನಲ್ಲ. ಅದೇ ತೊಂದರೆ. ಹೇಳಿದ್ದನ್ನು ಹೇಳಿದ ಹಾಗೇ ಮಾಡುತ್ತಿದ್ದ, ಒಂದು ಕೂದಲೆಳೆ ಆಚೆಯಿಲ್ಲ ಈಚೆಯಿಲ್ಲ.

ಫಕೀರವ್ವನಿಗೆ ಒಂದು ಆಸೆ ಇತ್ತು. ನಾಟಕ ಮುಗಿದೊಡನೆ ಬಣ್ಣದವರಿಗೆ ಬಿಸಿ ರೊಟ್ಟಿ ಆಗಬೇಕು, ಹಾಗಾಗಿ ಪರದೆ ಎದ್ದಾಗ ಅವಳು ಒಲೆಯ ಮುಂದೆ. ಎಷ್ಟೋ ವರ್ಷ ಗೋಡೆಯ ಆಚೆಯಿಂದ ನಾಟಕ ಕೇಳಿದ್ದಳು, ಒಂದನ್ನೂ ನೋಡಿರಲಿಲ್ಲ. ಕಡೆಯ ದಿನ ಆಡುವುದು ಮಾಸ್ತರ ಅತಿ ದೊಡ್ಡ ನಾಟಕ. ಅದರ ಕೊನೆಗೆ, ಗೆದ್ದು ಬಂದ ಮಗನಿಗೆ ಊರೆಲ್ಲ ಜಯಕಾರ ಹಾಕಿದ ಮೇಲೆ, ಒಮ್ಮೆಲೇ ಮಾತು ನಿಂತುಹೋಗುತ್ತಿತ್ತು. ಹಾರ್ಮೋನಿಯಂ ಪೇಟಿಯ ದನಿಯೂ ನಿಲ್ಲುತ್ತಿತ್ತು. ಸ್ವಲ್ಪ ಹೊತ್ತಿಗೆ ಅಂಗಳದ ಮಂದಿಯೆಲ್ಲ ಬಿಕ್ಕಿ ಅಳುವುದು ಕೇಳುತ್ತಿತ್ತು. ಆ ಸುಮ್ಮನಿದ್ದ ಹೊತ್ತಿನಲ್ಲಿ ಅಲ್ಲಿ ಏನಾಗುತ್ತದೆ? ಹಿಟ್ಟು ನಾದುತ್ತ ನಾದುತ್ತ ಅವಳು ಅದನ್ನೇ ಯೋಚಿಸುತ್ತಿದ್ದಳು. ಒಂದು ವರ್ಷ ಮಗನನ್ನೇ ಕಳಿಸಿದಳು, ಹೋಗಿ ಸರಿಯಾಗಿ ನೋಡಿಕೊಂಡು ಬಾ ಅಂತ. ಅವನು ನೋಡಿಕೊಂಡು ಬಂದ.

"ಏನಾತೋ ಅಲ್ಲಿ?"

"ಏನೂ ಆಗಲಿಲ್ಲ ಯವ್ವಾ. ಎಲ್ಲಾರೂ ಸುಮ್ಮನಿದ್ರು."

ಇಂಥ ಮಗನನ್ನು ಇಟ್ಟುಕೊಂಡು ಅವಳು ಏನು ಮಾಡಬೇಕು, ನೀವೇ ಹೇಳಿ.

ಆ ವರ್ಷದ ಹಬ್ಬ ಹತ್ತಿರ ಬಂತು. ಫಕೀರವ್ವ ಸಂತೆಗೆ ಹೊರಟಳು. ಹಬ್ಬದ ಸಾಮಾನೆಲ್ಲ ಹೊರಗೆ ಬಿದ್ದಿದೆ, ಕಳ್ಳಕಾಕರ ಭಯ. ತಾನು ಬರುವ ತನಕ ಗುರುತಿಲ್ಲದವರನ್ನು ಒಳಗೆ ಬಿಡಬೇಡ ಅಂತ ಮಗನಿಗೆ ಹೇಳಿ ಹೋದಳು. ಅವಳು ಅತ್ತ ಹೋಗಿದ್ದೇ ತಡ, ಇತ್ತ ನಾಟಕದ ಕಂಪನಿಯ ವ್ಯಾನು ಬಂತು. ರಾಜ ಇಳಿದ, ರಾಣಿ ಇಳಿದಳು, ಸೇನಾಪತಿ ಟ್ರಂಕು ಹೊತ್ತು ಇಳಿದ. ಅಡಿವೆಪ್ಪ ಬಾಗಿಲಿಗೆ ಅಡ್ಡ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದ. ಬಣ್ಣವಿಲ್ಲದ ಆ ಮುಖಗಳಲ್ಲಿ ಒಂದರ ಗುರುತೂ ಹತ್ತಲಿಲ್ಲ. ಅಗಳಿ ಹಾಕಿಬಿಟ್ಟ.

ಸುದ್ದಿ ತಿಳಿದು ಕಮಿಟಿಯ ರುದ್ರಗೌಡರು ಓಡಿ ಬಂದರು. ರುದ್ರಗೌಡರು ಅಂದರೆ ಆ ಮನೆಯ ಜೀವ ಹಿಡಿದುಕೊಂಡವರು. ಮಾಸ್ತರ ಚಸಮಾ ಒಂದು ಬೆರಳು ಸರಿದರೂ ಅವರಿಗೆ ಗೊತ್ತಾಗುತ್ತಿತ್ತು. ಅವರ ಸಿಟ್ಟೂ ದೊಡ್ಡದೇ. ಬಾಗಿಲು ಬಡಿದು ತೆಗೆಯೋ ಅಂದರು. ಅಡಿವೆಪ್ಪ ತೆಗೆದ. ಗೌಡರ ಗುರುತು ಇತ್ತಲ್ಲ, ಅವರ ಕೈ ಹಿಡಿದು ಒಳಗೆ ಎಳೆದುಕೊಂಡು ಮತ್ತೆ ಅಗಳಿ ಹಾಕಿದ. ಈಗ ಗೌಡರು ಒಳಗೆ, ಕಂಪನಿ ಹೊರಗೆ. ಫಕೀರವ್ವ ಸಂತೆಯಿಂದ ಬಂದಾಗ ರಾಜ ಟ್ರಂಕಿನ ಮೇಲೆ ಕೂತು ಶೇಂಗಾ ತಿನ್ನುತ್ತಿದ್ದ, ಗೌಡರು ಕಿಟಕಿಯಿಂದ ಕೈ ಚಾಚಿ ಅವನಲ್ಲಿ ಕ್ಷಮೆ ಕೇಳುತ್ತಿದ್ದರು.

ಆಮೇಲೆ ಗೌಡರು ಫಕೀರವ್ವನನ್ನು ಕರೆದು ನೇರವಾಗಿ ಹೇಳಿದರು. ಇಂಥದ್ದೇ ಇನ್ನು ನಡೆದರೆ ಮುಂದಿನ ವರ್ಷಕ್ಕೆ ಅಡಿಗೆಗೆ ಬೇರೆಯವರನ್ನು ನೋಡುತ್ತೇನೆ, ಹಿತ್ತಲ ಖೋಲಿ ಖಾಲಿ ಮಾಡಬೇಕಾಗುತ್ತದೆ ಅಂದರು. ಆ ಖೋಲಿ ಬಿಟ್ಟರೆ ಅವಳಿಗೆ ಬೇರೆ ಸೂರು ಇರಲಿಲ್ಲ. ಆ ಗೋಡೆ ಬಿಟ್ಟು ಹೋದರೆ ನಾಟಕ ಕೇಳುವುದೂ ತಪ್ಪಿತು. ಮಗನನ್ನು ಎದುರಿಗೆ ಕೂರಿಸಿಕೊಂಡು ಬೈದಳು, ಬೈದು ಬುದ್ಧಿ ಹೇಳಿದಳು.

"ಮನೀಗೆ ಬಂದವರನ್ನ ಬಾಗಲದಾಗ ನಿಲ್ಲಸಬಾರದೋ ನನ್ನಪ್ಪ. ಯಾರರ ಬಾಗಲಕ್ಕ ಬಂದು ನಿಂತರ ಕಾಲಿಗೆ ನೀರು ಕೊಡು. ಚಾಪಿ ಹಾಸು. ರೊಟ್ಟಿ ಬಡಸು. ತಿಳೀತ?"

"ತಿಳೀತ್ ಬಿಡಬೇ."

ಹೂಂ ಅಂದಿರಾ? ಸರಿ.

ಮೊದಲ ದಿನದ ನಾಟಕ ಶುರುವಾಯಿತು. ಅಡಿವೆಪ್ಪನಿಗೆ ಪರದೆಯ ಹಗ್ಗ ಹಿಡಿಯುವ ಕೆಲಸ. ಪಕ್ಕದಲ್ಲಿ ನಿಂತು ನೋಡುತ್ತಿದ್ದ. ನಾಟಕದಲ್ಲಿ ಒಬ್ಬ ದರೋಡೆಕೋರ ಸನ್ಯಾಸಿ ವೇಷದಲ್ಲಿ ಅರಮನೆಯ ಬಾಗಿಲಿಗೆ ಬರುತ್ತಾನೆ, ರಾಜಕುಮಾರಿಯನ್ನು ಹೊತ್ತುಕೊಂಡು ಹೋಗುವುದಕ್ಕೆ. ಬಂದು ನಿಂತ. ಕಾವಲುಗಾರ ತಡೆದ. ಮಂದಿ ಉಸಿರು ಬಿಗಿಹಿಡಿದರು. ಅಡಿವೆಪ್ಪನ ಜೀವ ಚುರಕ್ ಅಂತು, ಪಾಪ ಬಂದವರನ್ನು ಬಾಗಿಲಲ್ಲೇ ನಿಲ್ಲಿಸಿದ್ದಾರಲ್ಲ ಅಂತ. ಅಡಿಗೆಮನೆಗೆ ಓಡಿ, ಅವ್ವ ಅತ್ತ ತಿರುಗಿದ್ದಾಗ ಒಂದು ತಂಬಿಗೆ ನೀರು, ಒಂದು ಚಾಪೆ, ತಾಟಿನ ತುಂಬ ರೊಟ್ಟಿ ಪಲ್ಯ ತಂದು ರಂಗದ ಮೇಲೆ ಹತ್ತೇಬಿಟ್ಟ. ದರೋಡೆಕೋರನ ಕಾಲಿಗೆ ನೀರು ಹಾಕಿದ, ಚಾಪೆ ಹಾಸಿದ, ತಾಟು ಇಟ್ಟ.

ದರೋಡೆಕೋರ ಏನು ಮಾಡಬೇಕು? ಫಕೀರವ್ವನ ಎಣ್ಣೆಗಾಯಿಯ ವಾಸನೆ ಮೂಗಿಗೆ ಬಂತು. ಕೂತ. ಉಂಡ. ಹೊತ್ತೊಯ್ಯಬೇಕಾದ ರಾಜಕುಮಾರಿ ಪಾಪ ಅವನ ಊಟ ಮುಗಿಯುವ ತನಕ ಕಾದು ನಿಂತಳು. ಉಂಡು ಕೈ ತೊಳೆದ ಮೇಲೆ ಅವನಿಗೇ ನಾಚಿಕೆಯಾಯಿತೇನೋ, ಆವತ್ತು ರಾಜಕುಮಾರಿಯನ್ನು ಹೊತ್ತೊಯ್ಯದೆ ಕೈ ಮುಗಿದು ಹೊರಟುಹೋದ. ಮಂದಿಯೆಲ್ಲ ಚಪ್ಪಾಳೆ ಹೊಡೆದರು. ಮುಂದಿನ ಮೂರು ಪ್ರವೇಶ ಆಡುವುದಕ್ಕೆ ಕತೆಯೇ ಇರಲಿಲ್ಲ.

ಗೌಡರು ಹಲ್ಲು ಕಡಿದರು. ಫಕೀರವ್ವ ಮಗನ ಬೆನ್ನಿಗೆ ಎರಡು ಬಿಟ್ಟಳು.

"ಅದು ನಾಟಕೋ ಮಳ್ಳ. ಅಲ್ಲಿ ಯಾರರ ಬರಲಿ, ಏನರ ಆಗಲಿ, ನೀ ಕೈಕಟಗೊಂಡು ನಿಂತು ನೋಡಬೇಕು. ಜಗ್ಗಬಾರದು."

"ಜಗ್ಗಂಗಿಲ್ಲ ಬಿಡಬೇ."

ಎರಡನೆಯ ದಿನದ ನಾಟಕದಲ್ಲಿ ಕಾಡು ಬೇಕಿತ್ತು. ಕಂಪನಿಯವರು ಬೇವಿನ ಟೊಂಗೆ, ಹುಣಸೆ ಟೊಂಗೆ ಕಡಿದು ತಂದು ರಂಗದ ಮೇಲೆ ದಟ್ಟ ಅಡವಿಯನ್ನೇ ನಿಲ್ಲಿಸಿದ್ದರು. ವೈರಿಗಳಿಂದ ತಪ್ಪಿಸಿಕೊಂಡ ರಾಜಕುಮಾರ ಅದರೊಳಗೆ ಅಡಗಿ ಕೂತ. ಅಷ್ಟರಲ್ಲಿ ಪಕ್ಕದ ಮನೆಯ ಆಡು ಹಗ್ಗ ಹರಿದುಕೊಂಡು ರಂಗ ಹತ್ತಿತು. ಅಡಿವೆಪ್ಪನ ಮುಂದಿನಿಂದಲೇ ಹತ್ತಿತು. ಅವನು ಕೈಕಟ್ಟಿಕೊಂಡು ನೋಡಿದ. ಆಡು ಮೊದಲು ಹುಣಸೆ ತಿಂದಿತು, ಆಮೇಲೆ ಬೇವು ತಿಂದಿತು. ಅವನು ಜಗ್ಗಲಿಲ್ಲ. ವೈರಿಗಳು ಎಲ್ಲಿ ಅವನು ಎಲ್ಲಿ ಅಂತ ಅಬ್ಬರಿಸುತ್ತ ಬರುವ ಹೊತ್ತಿಗೆ ಕಾಡೆಲ್ಲ ಆಡಿನ ಹೊಟ್ಟೆ ಸೇರಿ, ರಾಜಕುಮಾರ ನಾಲ್ಕು ಕಡ್ಡಿಗಳ ಹಿಂದೆ ಬಟಾಬಯಲಲ್ಲಿ ಕುಕ್ಕರುಗಾಲಿನಲ್ಲಿ ಕೂತಿದ್ದ. ವೈರಿಗಳು ಅವನನ್ನು ನೋಡದವರ ಹಾಗೆ ಹುಡುಕಿ ಹುಡುಕಿ ಸುಸ್ತಾದರು. ಅವರ ಆ ಅಭಿನಯವನ್ನು ಮೆಚ್ಚಲೇಬೇಕು.

ಫಕೀರವ್ವ ಹಣೆ ಹಣೆ ಬಡಿದುಕೊಂಡಳು. ಇನ್ನು ಮೇಲೆ ಹೇಗೆ ಹೇಳಿದರೆ ಇವನು ಕೆಡಿಸುವುದಿಲ್ಲ ಅಂತ ಯೋಚಿಸಿ ಯೋಚಿಸಿ, ಎಲ್ಲ ಮಗ್ಗುಲಿನಿಂದಲೂ ಬಿಗಿ ಮಾಡಿ ಹೇಳಿದಳು. ಬಣ್ಣ ಹಚ್ಚಿದವರನ್ನು ಬಿಟ್ಟು ಬೇರೆ ಯಾವುದೇ ಜೀವ ರಂಗ ಹತ್ತಿದರೂ ಕೊರಳಿಗೆ ಹಗ್ಗ ಹಾಕಿ, ಎಳೆದುಕೊಂಡು ಬಂದು ಹಿತ್ತಲ ಗೂಟಕ್ಕೆ ಕಟ್ಟಬೇಕು. ಅಡಿವೆಪ್ಪ ತಲೆಯಾಡಿಸಿ ಹಗ್ಗ ಹೆಗಲಿಗೆ ಹಾಕಿಕೊಂಡ.

ನಿಮಗೆ ಆಗಲೇ ನಗು ಬಂತು. ಮುಂದಿನದು ಗೊತ್ತಾಯಿತೆಂದು ಕಾಣುತ್ತದೆ. ಆದರೂ ಹೇಳುತ್ತೇನೆ, ಹೇಳದಿದ್ದರೆ ನನಗೆ ಸಮಾಧಾನವಿಲ್ಲ.

ಮೂರನೆಯ ದಿನ ದೊಡ್ಡ ಊರಿನಿಂದ ಮುಖ್ಯ ಅತಿಥಿಗಳು ಬಂದಿದ್ದರು. ನಾಟಕದ ಮೇಲೆ ದಪ್ಪ ದಪ್ಪ ಪುಸ್ತಕ ಬರೆದವರು. ಬಿಳಿ ಧೋತರ, ರೇಷ್ಮೆ ಶಾಲು, ಮುಖಕ್ಕೆ ಒಂದು ಚೂರೂ ಬಣ್ಣವಿಲ್ಲ. ಎರಡು ಮಾತು ಆಡುತ್ತೇನೆ ಅಂತ ರಂಗ ಹತ್ತಿದರು. ಆಡಿದರು. ಎರಡು ಮಾತು ಆದವು, ಇಪ್ಪತ್ತಾದವು, ಇನ್ನೂ ಮಾಸ್ತರು ಹುಟ್ಟಿದ ಸಂಗತಿಗೇ ಬಂದಿರಲಿಲ್ಲ. ಆಗ ಹಿಂದಿನಿಂದ ಒಂದು ಹಗ್ಗ ಬಂದು ಕೊರಳಿಗೆ ಬಿತ್ತು. ಅತಿಥಿಗಳು ಅದನ್ನೂ ಹಾರವೆಂದುಕೊಂಡು ಕೈ ಮುಗಿದರು. ಮುಗಿದ ಕೈಯಲ್ಲೇ ಹಿತ್ತಲಿಗೆ ಹೋದರು. ಅಂಗಳದ ಮಂದಿ ಮೂರು ದಿನದಲ್ಲಿ ಹೊಡೆಯದ ಚಪ್ಪಾಳೆ ಆವತ್ತು ಹೊಡೆದರು.

ಫಕೀರವ್ವ ಹಿತ್ತಲಿಗೆ ಬಂದು ನೋಡುತ್ತಾಳೆ, ಗೂಟದ ಈ ಕಡೆ ಮತ್ತೆ ರಂಗ ಹತ್ತಿ ಸಿಕ್ಕಿಬಿದ್ದ ಆಡು, ಆ ಕಡೆ ಅತಿಥಿಗಳು. ಅವಳಿಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹಗ್ಗ ಬಿಚ್ಚಿ, ಕಾಲು ಹಿಡಿದು, ಮಜ್ಜಿಗೆ ಕೊಟ್ಟಳು. ಅತಿಥಿಗಳು ಒಳ್ಳೆಯವರು, ಅದನ್ನು ಹೇಳಲೇಬೇಕು. ಮಜ್ಜಿಗೆ ಕುಡಿದು, ಇಷ್ಟು ಹೊತ್ತು ಮಾತಾಡಿ ನನಗೂ ಗಂಟಲು ಒಣಗಿತ್ತವ್ವಾ ಅಂದರು. ಮಗನ ಮೇಲೆ ಕೋಪ ಮಾಡಬೇಡಿ ಅಂತ ಗೌಡರಿಗೂ ಹೇಳಿದರು.

ಗೌಡರು ಕೇಳುವ ಸ್ಥಿತಿಯಲ್ಲಿರಲಿಲ್ಲ. ಮಾಸ್ತರ ಮನೆಯಲ್ಲಿ, ಮಾಸ್ತರ ಹಬ್ಬದಲ್ಲಿ, ದೊಡ್ಡ ಮನುಷ್ಯರನ್ನು ಆಡಿನ ಜೊತೆಗೆ ಕಟ್ಟಿದರೆ ಯಾವ ಮುಖ ಇಟ್ಟುಕೊಂಡು ತಿರುಗುವುದು? ಅವರು ಕೂಗಾಡಲಿಲ್ಲ. ಮೆಲ್ಲಗೆ ಹೇಳಿದರು.

"ಫಕೀರವ್ವ, ನಾಳೆ ಕಡೀ ದಿನ. ನಾಡಿದ್ದು ಖೋಲಿ ಖಾಲಿ ಮಾಡು."

ಫಕೀರವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಗೌಡರು ಕೂಗಾಡಿದ್ದರೆ ಅವಳೂ ಏನಾದರೂ ಅನ್ನುತ್ತಿದ್ದಳು.

ಆವತ್ತು ಅವಳು ಮಗನಿಗೆ ಬೈಯಲಿಲ್ಲ. ಪಕ್ಕದಲ್ಲಿ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚಿದಳು. ನನ್ನ ಮಾತು ಕೇಳಿಯೇ ನೀನು ಕೆಟ್ಟೆ, ನಾಳೆ ಒಂದು ದಿನ ಗೌಡರು ಹೇಳಿದ್ದನ್ನು ಹೇಳಿದ ಹಾಗೆ ಮಾಡು, ನಾನು ಏನೂ ಹೇಳುವುದಿಲ್ಲ ಅಂದಳು. ಅಡಿವೆಪ್ಪನಿಗೆ ಬೈಗುಳವಿಲ್ಲದೆ ಏನೋ ಕಳೆದುಕೊಂಡ ಹಾಗಾಯಿತು.

ಕಡೆಯ ದಿನ ಇವನಿಗೆ ಯಾವ ಕೆಲಸ ಕೊಡುವುದು? ಪರದೆ ಬೇಡ, ರಂಗದ ಹತ್ತಿರವೂ ಬೇಡ. ಪೇಟಿ ಬಾರಿಸುವ ದಾವಲಸಾಬರು ಗಂಟೆ ಕೊಡೋಣ ಅಂದರು. ದಾವಲಸಾಬರು ಮಾಸ್ತರ ಕಾಲದವರು, ಅವರ ಕಂಪನಿಯಲ್ಲೇ ಪೇಟಿ ಹಿಡಿದು ಹಣ್ಣಾದವರು. ಪಡಸಾಲೆಯಲ್ಲಿ ತೊಲೆಗೆ ಮಾಸ್ತರ ಕಂಚಿನ ಗಂಟೆ ತೂಗುತ್ತಿತ್ತು, ಪಕ್ಕದಲ್ಲಿ ಹೊಡೆಯುವುದಕ್ಕೆ ಕಟ್ಟಿಗೆಯ ಕೊಡತಿ. ಮೊದಲನೇ ಗಂಟೆ, ಎರಡನೇ ಗಂಟೆ, ಮೂರನೇ ಗಂಟೆಗೆ ಪರದೆ ಏಳಬೇಕು. ಅದರಲ್ಲಿ ಕೆಡಿಸುವುದಕ್ಕೆ ಏನಿದೆ?

ಆದರೂ ಗೌಡರು ಮಾಸ್ತರ ವಿಷಯದಲ್ಲಿ ಸಡಿಲ ಬಿಡುವವರಲ್ಲ. ಅಡಿವೆಪ್ಪನನ್ನು ಗಂಟೆಯ ಕೆಳಗೆ ನಿಲ್ಲಿಸಿಕೊಂಡು ಬೆರಳು ಎತ್ತಿ ಹೇಳಿದರು.

"ಮೂರನೇ ಗಂಟಿಗೆ ಮಾಸ್ತರದೊಂದು ಪದ್ಧತಿ ಇತ್ತು. ಈ ಮನ್ಯಾಗ ಇದ್ದ ಎಲ್ಲಾರ ಮಾರೀನೂ ಪರದೆ ಕಡೆ ಆಗಬೇಕು. ಒಂದು ಮಾರಿ ಆ ಕಡೆ ಇದ್ದರೂ ಹೊಡೀಬಾರದು. ಯಾರು ಅವಸರ ಮಾಡಿದರೂ ಹೊಡೀಬ್ಯಾಡ. ನಾ ಹೇಳಿದರೂ ಹೊಡೀಬ್ಯಾಡ."

"ನೀವು ಹೇಳಿದರೂ ಹೊಡಿಯಂಗಿಲ್ರಿ."

ಹೊತ್ತು ಮುಳುಗಿತು. ಅಂಗಳ ತುಂಬಿ, ಕಟ್ಟೆ ತುಂಬಿ, ಮಾಳಿಗೆಯ ಮೇಲೆಲ್ಲ ಮಂದಿ. ಅಡಿವೆಪ್ಪ ಮೊದಲನೇ ಗಂಟೆ ಹೊಡೆದ. ಎರಡನೇ ಗಂಟೆ ಹೊಡೆದ. ಆಮೇಲೆ ಕೊಡತಿ ಹಿಡಿದುಕೊಂಡು ಮುಖ ನೋಡುವುದಕ್ಕೆ ಹೊರಟ.

ಒಬ್ಬೊಬ್ಬರನ್ನೇ ನೋಡಿದ. ಹಿಂದೆ ತಿರುಗಿ ಬೀಗಿತ್ತಿಯ ಜೊತೆ ಮಾತಾಡುತ್ತಿದ್ದವಳ ಗದ್ದ ಹಿಡಿದು ಮುಂದಕ್ಕೆ ತಿರುಗಿಸಿದ. ಮಿರ್ಚಿ ಕರಿಯುವವನನ್ನು ಬಾಣಲೆ ಸಮೇತ ತಿರುಗಿಸಿದ. ಅವ್ವನ ಹೆಗಲ ಮೇಲೆ ಮಲಗಿದ್ದ ಕೂಸಿನ ಮುಖ ಹಿಂದಕ್ಕಿತ್ತು, ಆ ಹೆಗಲಿನಿಂದ ತೆಗೆದು ಈ ಹೆಗಲಿಗೆ ಹಾಕಿಸಿದ. ಪರದೆಯ ಹಿಂದೆ ಹಣಿಕಿ ನೋಡಿದ, ರಾಜ ರಾಣಿಯರ ಮುಖ ಆ ಕಡೆಯಿಂದ ಪರದೆಯ ಕಡೆಗೇ ಇತ್ತು. ಭೇಷ್ ಅಂದ. ಮಂದಿಗೆ ಇದೂ ಒಂದು ನಾಟಕವಾಯಿತು, ನಗುತ್ತ ತಿರುಗಿ ಕೂತರು.

ಆಮೇಲೆ ಪಡಸಾಲೆಗೆ ಬಂದವನೇ ಮೇಲೆ ನೋಡಿದ. ಗೋಡೆಯಲ್ಲಿ ಮಾಸ್ತರ ದೊಡ್ಡ ಫೋಟೋ. ಬಂದವರು ನಮಸ್ಕಾರ ಮಾಡಲಿ ಅಂತ ಬೀದಿಗೆ ಮುಖ ಮಾಡಿ ಹಾಕಿದ್ದರು. ಅಡಿವೆಪ್ಪ ಸ್ಟೂಲು ಹಾಕಿ ಹತ್ತಿದ, ಫೋಟೋ ಇಳಿಸಿದ, ಎದೆಗೆ ಅವಚಿಕೊಂಡು ಅಂಗಳಕ್ಕೆ ತಂದು ಕಟ್ಟೆಯ ಮೇಲೆ ಪರದೆಗೆ ಎದುರಾಗಿ ಕೂರಿಸಿದ. ಗೌಡರು ಹೌಹಾರಿ ಎದ್ದರು. ಆ ಮನೆಯಲ್ಲಿ ಒಂದು ಕಡ್ಡಿ ಜಾಗ ಬಿಟ್ಟು ಅಲುಗಬಾರದು ಅಂದವರು ಅವರು. ಬಾಯಿ ತೆರೆದರು. ಇಷ್ಟು ವರ್ಷ ಮಾಸ್ತರ ನಾಟಕ ನಡೆಯುವಾಗೆಲ್ಲ ಮಾಸ್ತರು ಬೀದಿ ನೋಡಿಕೊಂಡು ಇದ್ದರಲ್ಲ ಅಂತ ಆಗ ಹೊಳೆಯಿತು. ತೆರೆದ ಬಾಯಿ ಮುಚ್ಚಿ ಕೂತರು.

ಅಡಿವೆಪ್ಪ ಗಂಟೆಯ ಹತ್ತಿರ ಹೋಗಿ ನಿಂತ. ಹೊಡೆಯಲಿಲ್ಲ. ಮಂದಿ ಕಾದರು. ಹೊಡೆಯಲಿಲ್ಲ. ಮಾಳಿಗೆಯ ಮೇಲಿನವರು ಸಿಳ್ಳೆ ಹಾಕಿದರು.

"ಎಲ್ಲಾರೂ ತಿರುಗ್ಯಾರಲ್ಲೋ, ಹೊಡಿ," ಅಂದರು ಗೌಡರು.

"ಇನ್ನೊಂದು ಮಾರಿ ಉಳದೈತ್ರಿ."

"ಯಾರದು?"

"ನಮ್ಮವ್ವಂದು. ಆಕಿ ಮಾರಿ ಒಲೀ ಕಡೆ ಐತಿ."

ನಾನು ಈ ಕತೆಯನ್ನು ಎಷ್ಟೋ ಸಲ ಹೇಳಿದ್ದೇನೆ. ಇಲ್ಲಿಗೆ ಬಂದಾಗ ಪ್ರತಿ ಸಲವೂ ಒಂದು ಗುಟುಕು ನೀರು ಕುಡಿಯುತ್ತೇನೆ. ಸ್ವಲ್ಪ ತಡೆಯಿರಿ.

ಗೌಡರಿಗೆ ಮೊದಲು ಸಿಟ್ಟೇ ಬಂತು. ಅವಳು ಅಡಿಗೆಯವಳು, ಅವಳನ್ನು ಯಾಕೆ ಲೆಕ್ಕಕ್ಕೆ ಹಿಡಿಯುತ್ತೀ, ಹೊಡಿ ಅಂದರು. ನೀವು ಹೇಳಿದರೂ ಹೊಡೆಯಬೇಡ ಅಂತ ನೀವೇ ಹೇಳಿದ್ದೀರಿ ಅಂದ ಅಡಿವೆಪ್ಪ. ಕಮಿಟಿಯವನೊಬ್ಬ ಕೊಡತಿ ಕಸಿಯುವುದಕ್ಕೆ ಬಂದ. ಅಡಿವೆಪ್ಪ ಕೊಡತಿಯನ್ನು ಅಂಗಿಯೊಳಗೆ ಇಳಿಬಿಟ್ಟು ಗಂಟೆಯನ್ನು ಎರಡೂ ಕೈಯಿಂದ ತಬ್ಬಿಕೊಂಡ. ಎಳೆದರೆ ತೊಲೆಯೇ ಬರುತ್ತಿತ್ತು.

ಆಗ ಪೇಟಿಯ ಹಿಂದಿನಿಂದ ದಾವಲಸಾಬರು ಎದ್ದರು. ಕಣ್ಣು ಒರೆಸಿಕೊಳ್ಳುತ್ತಿದ್ದರು.

"ಗೌಡ್ರ, ತಪ್ಪು ನಮ್ಮದೈತ್ರಿ. ಮಾಸ್ತರು ಎರಡನೇ ಗಂಟಿ ಆದ ಮ್ಯಾಲ ತಾವ ಒಳಗ ಹೋಗ್ತಿದ್ರು. ಒಲೀ ಮ್ಯಾಲ ಮುಚ್ಚಳ ಹಾಕಿ, ನೀರು ಸೇದಾಕಿ ಇರಲಿ, ಭಾಂಡೆ ತಿಕ್ಕಾಕಿ ಇರಲಿ, ಎಲ್ಲಾರನ್ನೂ ಕರಕೊಂಡು ಬಂದು ಕುಂದರಸಿ, ಆಮ್ಯಾಲ ಮೂರನೇದ್ದು. ಅವರು ಹೋದ ಮ್ಯಾಲ ನಾವು ಗಂಟಿ ಇಟಗೊಂಡ್ವಿ, ಒಳಗ ಹೋಗೂದು ಬಿಟ್ವಿ."

ಮಾಸ್ತರು ಬಿಟ್ಟು ಹೋದ ಹಾಗೇ ಎಲ್ಲ ಇದೆ ಅಂತ ಎದೆ ತಟ್ಟಿಕೊಂಡು ಹೇಳುತ್ತಿದ್ದ ಮನುಷ್ಯ ರುದ್ರಗೌಡರು. ಯಾರಿಗೂ ಹೇಳದೆ ತಾವೇ ಎದ್ದು ಅಡಿಗೆಮನೆಗೆ ನಡೆದರು. ಬೇರೆ ಯಾರನ್ನಾದರೂ ಕಳಿಸಬಹುದಿತ್ತು, ಕಳಿಸಲಿಲ್ಲ. ಅದಕ್ಕೇ ಆ ಮನುಷ್ಯನ ಮೇಲೆ ನನಗೆ ಪ್ರೀತಿ.

ಫಕೀರವ್ವ ಹೊಸಿಲಲ್ಲಿ ಗೌಡರನ್ನು ಕಂಡವಳೇ ಹೆದರಿದಳು. ಮತ್ತೇನು ಮಾಡಿದನೋ ಮಗ ಅಂತ. ಇವಿಷ್ಟು ರೊಟ್ಟಿ ಬಡಿದು ಈಗಲೇ ಗಂಟು ಕಟ್ಟುತ್ತೇನೆ, ಹುಡುಗನಿಗೆ ಏನೂ ಅನ್ನಬೇಡಿ ಅಂದಳು. ಗೌಡರು ಬಗ್ಗಿ ಒಲೆಯಿಂದ ಉರಿಯುವ ಕಟ್ಟಿಗೆ ಹಿಂದಕ್ಕೆ ಎಳೆದರು.

"ಏಳ್ರಿ ಯವ್ವಾ. ನಿಮ್ಮ ಸಲುವಾಗಿ ನಾಟಕ ನಿಂತೈತಿ."

ಇಷ್ಟು ವರ್ಷ ನೀನು ಅಂದವರು ಆವತ್ತು ನೀವು ಅಂದರು. ಫಕೀರವ್ವನಿಗೆ ಏನೂ ತಿಳಿಯಲಿಲ್ಲ. ಹಂಚಿನ ಮೇಲೆ ರೊಟ್ಟಿ ಇದೆ ಅಂದಳು. ಇರಲಿ ಬನ್ನಿ ಅಂದರು. ಹಿಟ್ಟಿನ ಕೈಯಲ್ಲೇ ಬಂದಳು. ಹೆಂಗಸರು ಸರಿದು ಮುಂದಿನ ಸಾಲಿನಲ್ಲಿ ಜಾಗ ಮಾಡಿಕೊಟ್ಟರು. ಕೂತಳು, ಪರದೆಯ ಕಡೆ ಮುಖ ಮಾಡಿ.

ಅಡಿವೆಪ್ಪ ಅಂಗಿಯೊಳಗಿನಿಂದ ಕೊಡತಿ ತೆಗೆದ. ಆಗ ನೆನಪಾಯಿತು, ತನ್ನ ಮಾರಿಯೂ ಪರದೆಯ ಕಡೆ ಆಗಬೇಕಲ್ಲ. ಗಂಟೆಗೆ ಬೆನ್ನು ಮಾಡಿ ನಿಂತು, ಕೈ ಹಿಂದಕ್ಕೆ ಬೀಸಿದ. ಮೊದಲನೇ ಏಟು ಕಂಬಕ್ಕೆ, ಎರಡನೇ ಏಟು ಕಮಿಟಿಯವನ ಮೊಣಕೈಗೆ, ಮೂರನೆಯದು ಗಂಟೆಗೆ. ಪರದೆ ಎದ್ದಿತು.

ಅವಳು ನೋಡಿದಳು. ಗೋಡೆಯ ಆಚೆ ಗುಡುಗುತ್ತಿದ್ದ ದನಿಗೆ ಕಿರೀಟವಿತ್ತು. ಆ ಕಿರೀಟದ ಕೆಳಗಿದ್ದವನು ದಿನಾ ಲುಂಗಿ ಉಟ್ಟು ಬಂದು ಇನ್ನೊಂದು ಉಳ್ಳಾಗಡ್ಡಿ ಕೊಡಬೇ ಅನ್ನುತ್ತಿದ್ದವನೇ! ವರ್ಷ ವರ್ಷವೂ ಇವಳನ್ನು ಹಿಟ್ಟಿನ ಮೇಲೆ ಅಳಿಸುತ್ತಿದ್ದ ರಾಣಿ ಯಾರು ಅಂದರೆ, ಖಾರ ಸಾಲದು ಅಂತ ತಕರಾರು ಮಾಡುವವಳು. ಮಾತೆಲ್ಲ ಇವಳಿಗೆ ಗೊತ್ತು. ಮುಖ ಗೊತ್ತಿರಲಿಲ್ಲ. ಮಾತಿನ ಜೊತೆ ಮುಖ ಕೂಡಿದಾಗ ಬೇರೆಯೇ ಆಗಿಬಿಡುತ್ತದೆ ನೋಡಿ.

ಕೊನೆ ಬಂತು. ಮಗ ರಾಜ್ಯ ಗೆದ್ದು ಬಂದ. ಜಯಕಾರ ಆಯಿತು. ಪೇಟಿ ನಿಂತಿತು. ಮಾತು ನಿಂತಿತು. ಫಕೀರವ್ವ ಮುಂದಕ್ಕೆ ಬಾಗಿದಳು.

ರಾಣಿ ಆರತಿ ಹಿಡಿದು ಬಂದಳು. ಆಸ್ಥಾನವೆಲ್ಲ ಅವನ ಕಿರೀಟ ನೋಡುತ್ತಿತ್ತು. ತಾಯಿ ಕಿರೀಟ ನೋಡಲಿಲ್ಲ. ಅವನು ನಡೆದು ಬಂದ ಕಾಲು ನೋಡಿದಳು. ಆರತಿ ಕೆಳಗಿಟ್ಟಳು, ನೆಲಕ್ಕೆ ಕೂತಳು, ಅವನ ಪಾದ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು ಮುಳ್ಳು ತೆಗೆದಳು. ಅಷ್ಟೇ. ಮಾತಿನಲ್ಲೇ ಊರು ಗೆದ್ದ ಮಾಸ್ತರು ಅಲ್ಲಿ ಒಂದೂ ಮಾತು ಬರೆದಿರಲಿಲ್ಲ. ಎಂಥ ದೊಡ್ಡ ಮನುಷ್ಯ!

ಅಂಗಳವೆಲ್ಲ ಅತ್ತಿತು. ಫಕೀರವ್ವ ಅಳಲಿಲ್ಲ. ಹಿಟ್ಟಿನ ಕೈ ಎದೆಗೆ ಒತ್ತಿಕೊಂಡು, "ಹೌದು, ಇದಕ ಮಾತು ಯಾಕ ಬೇಕು," ಅಂದಳು. ಆಮೇಲೆ ತಿರುಗಿ ಪಡಸಾಲೆಯ ಕಡೆ ನೋಡಿದಳು. ಗಂಟೆಯ ಕೆಳಗೆ ಅವಳ ಮಗ ಕೊಡತಿ ಹಿಡಿದು ನಿಂತಿದ್ದ, ಮುಖ ಪರದೆಯ ಕಡೆ. ಆಗ ಅತ್ತಳು.

ರೊಟ್ಟಿ? ಸುಟ್ಟು ಇದ್ದಲಾಗಿತ್ತು. ಬಣ್ಣ ತೆಗೆಯದೇ ಎಲ್ಲರೂ ಒಲೆಯ ಸುತ್ತ ಕೂತರು. ರಾಣಿ ಹಿಟ್ಟು ನಾದಿದಳು, ದರೋಡೆಕೋರ ಉರಿ ಹಾಕಿದ, ರುದ್ರಗೌಡರು ಉಳ್ಳಾಗಡ್ಡಿ ಹೆಚ್ಚಿದರು. ಖೋಲಿ ಖಾಲಿ ಮಾಡುವ ಮಾತು ಆಮೇಲೆ ಯಾರ ಬಾಯಲ್ಲೂ ಬರಲಿಲ್ಲ. ಮಾಸ್ತರ ಫೋಟೋ ಕಟ್ಟೆಯ ಮೇಲೇ ಉಳಿಯಿತು.

ಇಲ್ಲಿಗೆ ಮುಗಿಯಿತು ಅಂತ ಏಳಬೇಡಿ. ಅಡಿವೆಪ್ಪ ಅಡಿವೆಪ್ಪನೇ ತಾನೆ.

ಮುಂದಿನ ವರ್ಷ ಹಬ್ಬ ಬಂತು. ಫಕೀರವ್ವ ಖಡಕ್ ರೊಟ್ಟಿಯನ್ನು ವಾರ ಮೊದಲೇ ಮಾಡಿ ಬುಟ್ಟಿ ತುಂಬಿಟ್ಟಿದ್ದಳು. ಗಂಟೆಯ ಕೆಲಸ ಮತ್ತೆ ಅಡಿವೆಪ್ಪನದೇ. ಮತ್ತೆ ಮುಖ ತಿರುಗಿಸುತ್ತ ಹೊತ್ತು ಕಳೆದಾನು ಅಂತ ಗೌಡರು ಹಿಂದಿನ ದಿನವೇ ಕರೆದು ಸರಳ ಮಾಡಿ ಹೇಳಿದರು.

"ನಿಮ್ಮವ್ವನ ಮಾರಿ ಪರದೆ ಕಡೆ ಆದ ಕೂಡಲೇ ಮೂರನೇ ಗಂಟಿ ಹೊಡಿ. ನನ್ನ ಕೇಳಾಕ ಬರಬ್ಯಾಡ."

"ಕೇಳಾಕ ಬರಂಗಿಲ್ರಿ."

ಮರುದಿನ ಬೆಳಗ್ಗೆ ಇನ್ನೂ ಬಿಸಿಲು ಬಿದ್ದಿರಲಿಲ್ಲ. ಫಕೀರವ್ವ ಅಂಗಳ ಕಸ ಗುಡಿಸುತ್ತಿದ್ದಳು. ಗುಡಿಸುತ್ತ ಗುಡಿಸುತ್ತ ಹೊಸ ಪರದೆಯ ಮುಂದೆ ಬಂದಳು. ಸೊಂಟಕ್ಕೆ ಕೈ ಕೊಟ್ಟು, ತಲೆ ಎತ್ತಿ, ಇವತ್ತು ಏನು ಆಡುತ್ತಾರೋ ಅಂತ ಪರದೆಯನ್ನು ಒಂದು ಗಳಿಗೆ ನೋಡಿದಳು.

ಢಣ್ ಅಂತು ಗಂಟೆ.

ಪರದೆಯ ಹಗ್ಗದ ಹತ್ತಿರ ಮಲಗಿದ್ದವನು ನಿದ್ದೆಗಣ್ಣಲ್ಲೇ ಹಗ್ಗ ಎಳೆದ. ಊರಿಗೆ ಊರೇ ನಾಟಕ ತಪ್ಪಿತಲ್ಲೋ ಅಂತ ಎದ್ದು ಬಿದ್ದು ಓಡಿ ಬಂತು. ಕೆಲವರು ಎಮ್ಮೆ ಹಿಂಡುವ ಚರಿಗೆ ಹಿಡಿದೇ ಬಂದರು. ಪರದೆ ಮೇಲೆ ಹೋಗಿದೆ. ರಂಗದ ನಟ್ಟನಡುವೆ ರಾಜ ಬನಿಯನ್ನಿನಲ್ಲಿ ಕೂತು ಬೇವಿನ ಕಡ್ಡಿಯಿಂದ ಹಲ್ಲು ತಿಕ್ಕುತ್ತಿದ್ದಾನೆ. ಸೇನಾಪತಿ ಇನ್ನೂ ಕೌದಿಯೊಳಗಿದ್ದಾನೆ.

ರುದ್ರಗೌಡರು ಹೆಗಲ ಮೇಲೆ ಟವೆಲ್ಲು ಹಾಕಿಕೊಂಡು ಬಂದರು, ಬೈಯುವುದಕ್ಕೆ ಬಾಯಿ ತೆರೆದುಕೊಂಡೇ ಬಂದರು. ಬಂದು ನೋಡುತ್ತಾರೆ, ಫಕೀರವ್ವ ಕಸಬರಿಗೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಮುಂದಿನ ಸಾಲಿನಲ್ಲಿ ಕೂತಾಗಿದೆ, ನಾಟಕ ನೋಡುವುದಕ್ಕೆ. ಗೌಡರು ಟವೆಲ್ಲು ಕೊಡವಿ ಹಾಸಿದರು. ಅವಳ ಪಕ್ಕದಲ್ಲೇ ಕೂತರು.

ರಾಜ ಮಂದಿಯನ್ನು ನೋಡಿದ. ಕಟ್ಟೆಯ ಮೇಲಿದ್ದ ಮಾಸ್ತರನ್ನು ನೋಡಿದ. ಬಾಯಲ್ಲಿನ ಕಡ್ಡಿ ತೆಗೆದು ಸೊಂಟಕ್ಕೆ ಕತ್ತಿಯ ಹಾಗೆ ಸಿಕ್ಕಿಸಿಕೊಂಡು ಎದ್ದು ನಿಂತ, ಮೊದಲನೆಯ ಮಾತು ಶುರುಮಾಡಿದ.